ಐಪ್ಯಾಡ್‌ನಲ್ಲಿ ಸರಿಯಾಗಿರುವ ಮೋಡಲ್ ಶೀಟ್ ಐಫೋನ್‌ನಲ್ಲಿ ಯಾಕೆ ಪರದೆ ತುಂಬಾ ಬರುತ್ತದೆ?

ಪ್ರಶ್ನೆ:
ನಮ್ಮ ಆ್ಯಪ್‌ನಲ್ಲಿ ಒಂದು ಫಿಲ್ಟರ್ ಸ್ಕ್ರೀನ್ ಇದೆ, ಮೋಡಲ್ ಶೀಟ್ ಆಗಿ, ಅಂದರೆ ಇರುವ ಸ್ಕ್ರೀನ್ ಮೇಲೆ ಹಾಳೆಯಂತೆ, ತೆರೆಯುತ್ತದೆ. ಮೂರು ಸ್ವಿಚ್, ಕೆಳಗೆ ಒಂದು ಬಟನ್, ಅಷ್ಟೇ. ಯುಐಕಿಟ್‌ನಲ್ಲಿ (ಸ್ಕ್ರೀನ್ ಕಟ್ಟುವ ಆಪಲ್‌ನ ಫ್ರೇಮ್‌ವರ್ಕ್) ಬರೆದಿದ್ದು. ಸ್ಟೈಲ್ ಫಾರ್ಮ್‌ಶೀಟ್, ಪ್ರಿಫರ್ಡ್‌ಕಂಟೆಂಟ್‌ಸೈಜ್ (ನಾವು ಕೇಳುವ ಅಳತೆ) 400 × 320 ಪಾಯಿಂಟ್. ಐಪ್ಯಾಡ್‌ನಲ್ಲಿ ಕೊಟ್ಟ ಅಳತೆಗೇ ಬರುತ್ತದೆ. ಐಫೋನ್‌ನಲ್ಲಿ ಮಾತ್ರ ಮೇಲಿನವರೆಗೂ ಏರಿ ನಿಲ್ಲುತ್ತದೆ, ಬಟನ್ ಕೆಳಗೆಲ್ಲಾ ಬರೀ ಖಾಲಿ. ವ್ಯೂನ ಫ್ರೇಮ್ ನಾನೇ ಬದಲಿಸಬೇಕಾ?

ಉತ್ತರ:
ಫ್ರೇಮ್ ಮುಟ್ಟಬೇಡಿ. ಅದು ಶೀಟ್ ತೋರಿಸುವ ಪ್ರೆಸೆಂಟೇಷನ್ ಕಂಟ್ರೋಲರ್ ಕೆಲಸ. ನೀವು ಏನೇ ಇಟ್ಟರೂ ಫೋನ್ ತಿರುಗಿಸಿದ ಕೂಡಲೇ ಅದು ತನ್ನ ಲೆಕ್ಕಕ್ಕೇ ವಾಪಸ್ ಹೋಗುತ್ತದೆ.

ಐಫೋನ್‌ನಲ್ಲಿ ಎತ್ತರ ಹೇಳುವುದು ಡಿಟೆಂಟ್ ಮೂಲಕ, ಅಂದರೆ ಶೀಟ್ ಬಂದು ನಿಲ್ಲುವ ಎತ್ತರ. ಏನೂ ಕೊಡದಿದ್ದರೆ ಲಾರ್ಜ್ ಒಂದೇ ಇರುತ್ತದೆ, ನಿಮಗೆ ಆಗಿರುವುದು ಅದೇ. ಐಒಎಸ್ 15ರಲ್ಲಿ (2021) ಮೀಡಿಯಂ, ಲಾರ್ಜ್ ಎರಡೇ ಇದ್ದವು. ಐಒಎಸ್ 16ರಿಂದ ಕಸ್ಟಮ್ ಡಿಟೆಂಟ್ ಇದೆ, ಬೇಕಾದ ಎತ್ತರವನ್ನು ಕ್ಲೋಷರ್‌ನಿಂದ (ಸಿಸ್ಟಮ್ ಬೇಕಾದಾಗ ಓಡಿಸುವ ಕೋಡ್ ತುಣುಕು) ರಿಟರ್ನ್ ಮಾಡಿದರೆ ಆಯಿತು. ಯುಐಕಿಟ್ ಬದಲು ಆಪಲ್‌ನ ಹೊಸ ಫ್ರೇಮ್‌ವರ್ಕ್ ಸ್ವಿಫ್ಟ್‌ಯುಐ ಆದರೆ ಇದಕ್ಕೆ ಪ್ರೆಸೆಂಟೇಷನ್‌ಡಿಟೆಂಟ್ಸ್ ಬಳಸಿ.

ದಯವಿಟ್ಟು 320 ಅಂತ ಸುಮ್ನೆ ಬರೆದಿಡಬೇಡಿ. ಅಕ್ಷರ ದೊಡ್ಡದು ಮಾಡಿಕೊಂಡು ಓದುವವರಿಗೆ ಆ ಬಟನ್ನೇ ಕೈಗೆ ಸಿಗಲ್ಲ. ಸ್ವಿಚ್‌ಗಳಿರುವ ಸ್ಟ್ಯಾಕ್‌ವ್ಯೂನ ಎತ್ತರವನ್ನು ಸಿಸ್ಟಮ್‌ಲೇಔಟ್‌ಸೈಜ್‌ಫಿಟಿಂಗ್‌ನಿಂದ ಅಳೆಯಿರಿ, ಅಗಲವನ್ನು ಶೀಟ್‌ನ ಅಗಲಕ್ಕೆ ಕಟ್ಟಿಹಾಕಿ. ಬಂದ ಎತ್ತರ ಮ್ಯಾಕ್ಸಿಮಮ್‌ಡಿಟೆಂಟ್‌ವ್ಯಾಲ್ಯೂಗಿಂತ (ಶೀಟ್ ಏರಬಹುದಾದ ಗರಿಷ್ಠ ಎತ್ತರ) ಜಾಸ್ತಿಯಾದರೆ ಅಷ್ಟಕ್ಕೇ ನಿಲ್ಲಿಸಿ. ಸ್ಟ್ಯಾಕ್ ಅನ್ನು ಸ್ಕ್ರೋಲ್‌ವ್ಯೂ ಒಳಗೆ ಇಡಿ, ಆಗ ಮಿಕ್ಕಿದ್ದು ಸ್ಕ್ರೋಲ್ ಆಗುತ್ತದೆ.

ಇನ್ನೊಂದು ಉತ್ತರ:
ಸ್ಕ್ರೀನ್ ಅನ್ನು ನ್ಯಾವಿಗೇಷನ್ ಕಂಟ್ರೋಲರ್ (ಮೇಲೆ ಶೀರ್ಷಿಕೆಯ ಬಾರ್ ಕೊಡುವಂಥದ್ದು) ಒಳಗಿಟ್ಟು ಪ್ರೆಸೆಂಟ್ ಮಾಡ್ತಿದ್ದರೆ ಡಿಟೆಂಟ್ ಹಾಕಬೇಕಾದ್ದು ಅದರ ಶೀಟ್‌ಪ್ರೆಸೆಂಟೇಷನ್‌ಕಂಟ್ರೋಲರ್‌ಗೆ. ಅಳತೆಗೆ ಬಾರ್‌ನ ಎತ್ತರವನ್ನೂ ಕೂಡಿಸಿ.

ಪ್ರಶ್ನೆ ಕೇಳಿದವರು:
ಕಸ್ಟಮ್ ಡಿಟೆಂಟ್ ಹಾಕಿದೆ, ಶೀಟ್ ಚಿಕ್ಕದಾಯಿತು. ಆದರೆ ಬಟನ್ ಕೆಳಗೆ ಇನ್ನೂ ಒಂದಿಷ್ಟು ಜಾಗ ಉಳಿಯುತ್ತಿದೆ. ಶೀಟ್ ತೆರೆದಿರುವಾಗಲೇ ಅಕ್ಷರದ ಗಾತ್ರ ಬದಲಿಸಿದರೆ ಎತ್ತರ ಹಳೆಯದೇ ಇರುತ್ತದೆ.

ಉತ್ತರ:
ಸ್ಟ್ಯಾಕ್ ಬಿಟ್ಟು ಇಡೀ ವ್ಯೂ ಅಳೆದಿರಬೇಕು, ಅಲ್ವಾ? ಆಗ ಕೆಳಗಿನ ಸೇಫ್ ಏರಿಯಾವೂ (ಪರದೆಯ ಅಂಚಿನಲ್ಲಿ ಸಿಸ್ಟಮ್ ಕಾದಿಡುವ ಜಾಗ) ಲೆಕ್ಕಕ್ಕೆ ಸೇರುತ್ತದೆ, ಫೇಸ್ ಐಡಿ ಫೋನ್ ನೆಟ್ಟಗೆ ಹಿಡಿದಾಗ 34 ಪಾಯಿಂಟ್. ಡಿಟೆಂಟ್‌ಗೆ ಕೊಡುವ ಎತ್ತರದಲ್ಲಿ ಅದು ಇರಬಾರದು, ಸಿಸ್ಟಮ್ ತಾನೇ ಕೂಡಿಸಿಕೊಳ್ಳುತ್ತದೆ. ನೀವೂ ಕೂಡಿಸಿದರೆ ಎರಡು ಸಲ ಆಯಿತು.

ಎರಡನೆಯದಕ್ಕೆ, ಗಾತ್ರ ಬದಲಾದಾಗ ಇನ್‌ವ್ಯಾಲಿಡೇಟ್‌ಡಿಟೆಂಟ್ಸ್ ಕರೆಯಿರಿ, ಕ್ಲೋಷರ್ ಮತ್ತೆ ಓಡುತ್ತದೆ. ಆನಿಮೇಟ್‌ಚೇಂಜಸ್ ಒಳಗೆ ಕರೆದರೆ ಶೀಟ್ ನಯವಾಗಿ ಬೆಳೆಯುತ್ತದೆ. ಎತ್ತರವನ್ನು ಮಾತ್ರ ಕ್ಲೋಷರ್ ಒಳಗೇ ಅಳೆಯಿರಿ. ಹೊರಗೆ ಅಳೆದು ಒಂದು ವೇರಿಯಬಲ್‌ನಲ್ಲಿ ಇಟ್ಟಿದ್ದರೆ ಎಷ್ಟು ಸಲ ಕರೆದರೂ ಹಳೆಯ ಅಂಕಿಯೇ ಬರುತ್ತದೆ.