ಗೋಡೆಗೆ ತಕ್ಕ ಡ್ರಿಲ್ ಬಿಟ್: ಕೆಲಸ ಬಲ್ಲವರ ಅನುಭವ

ಪ್ರಶ್ನೆ: ಪುತ್ತೂರಿನ ಬಳಿ ಹಳೆಯ ಕೆಂಪುಕಲ್ಲಿನ ಮನೆಯ ಮೇಲೆ ಕಾಂಕ್ರೀಟ್ ಬ್ಲಾಕಿನ ಕೋಣೆಗಳನ್ನು ಕಟ್ಟಿಸುತ್ತಿದ್ದೇವೆ. ಕಪಾಟು, ಪರದೆಯ ಸರಳು, ಸ್ನಾನದ ಮನೆಯ ವಿಟ್ರಿಫೈಡ್ ಟೈಲಿನ ಮೇಲೆ ಟವೆಲ್ ಸ್ಟ್ಯಾಂಡ್ ಇವನ್ನೆಲ್ಲ ನಾವೇ ಕೂರಿಸಬೇಕೆಂದಿದ್ದೇವೆ. 10 ಮಿ.ಮೀ. ಚಕ್ಕಿನ (ಬಿಟ್ ಹಿಡಿಯುವ ಬಾಯಿಯ) ಇಂಪ್ಯಾಕ್ಟ್ ಡ್ರಿಲ್, ಅಂದರೆ ತಿರುಗುತ್ತಲೇ ಬಡಿಯುವ ಡ್ರಿಲ್ ಇದೆ. ಯಾವ ಬಿಟ್‌ಗಳನ್ನು ಕೊಳ್ಳಬೇಕು?

ಉತ್ತರ 1 (ವೈರಿಂಗ್ ಕೆಲಸದವರು): ದೊಡ್ಡ ಸೆಟ್ಟಿನ ಬದಲು 6 ಮತ್ತು 8 ಮಿ.ಮೀ. ಮೇಸನ್ರಿ (ಕಲ್ಲು, ಕಾಂಕ್ರೀಟ್ ಕೊರೆಯುವ) ಬಿಟ್‌ಗಳನ್ನು ಒಳ್ಳೆಯ ಗುಣಮಟ್ಟ ನೋಡಿ ಬಿಡಿಯಾಗಿಯೇ ಕೊಳ್ಳಿ. ಅವುಗಳ ತುದಿಯಲ್ಲಿ ಕಾರ್ಬೈಡ್ ಎಂಬ ತುಂಬ ಗಟ್ಟಿ ವಸ್ತುವಿನ ಚಿಕ್ಕ ತಗಡು ಬೆಸೆದಿರುತ್ತದೆ ಮತ್ತು ಅದು ಬಿಟ್ಟಿನ ಮೈಗಿಂತ ತುಸು ಅಗಲವಾಗಿರುತ್ತದೆ. ಆ ಅಂಚು ಸವೆದು ದುಂಡಾಗಿದ್ದರೆ ಎಷ್ಟು ಒತ್ತಿದರೂ ಬಿಟ್ ಬಿಸಿಯಾಗುವುದೇ ಹೊರತು ಮುಂದೆ ಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ ಎರಡು ಬಗೆಯ ಗೋಡೆಗಳಿರುವುದರಿಂದ, ತೂತಿನಿಂದ ಉದುರುವ ಪುಡಿಯನ್ನು ಗಮನಿಸುತ್ತ ಕೆಲಸ ಮಾಡಬೇಕೆಂಬುದು ನನ್ನ ಮುಖ್ಯ ಸಲಹೆ. ಮೊದಲು ಸಾರಣೆಯ ಬೂದು ಪುಡಿ ಬಂದು, ಬಳಿಕ ಕೆಂಪು ಪುಡಿ ಸುರಿಯತೊಡಗಿದರೆ ಕೆಂಪುಕಲ್ಲು ತಲುಪಿದಿರೆಂದು ತಿಳಿದು ಹ್ಯಾಮರ್ (ಬಡಿತದ) ಗುಂಡಿಯನ್ನು ಬಂದ್ ಮಾಡಿ, ಬರೀ ತಿರುಗುವಿಕೆಯಲ್ಲೇ ಕೊರೆಯಿರಿ. ಆ ಕಲ್ಲಿನಲ್ಲಿ ಸಹಜವಾಗಿಯೇ ಪೊಳ್ಳುಗಳಿರುವುದರಿಂದ ಬಡಿತಕ್ಕೆ ತೂತು ಅಗಲವಾಗಿ, ಸ್ಕ್ರೂ ಹಿಡಿದಿಡಲು ಅದರೊಳಗೆ ತೂರಿಸುವ ಪ್ಲಗ್ ಸಡಿಲವಾಗುತ್ತದೆ. ಅಲ್ಲಿ 8ರ ಪ್ಲಗ್ಗಿಗೆ 7ರ ಬಿಟ್ ಬಳಸುವುದು, ಪ್ಲಗ್ಗನ್ನೂ ಉದ್ದದ್ದೇ ಆರಿಸುವುದು ಒಳ್ಳೆಯದು. ಘನ ಕಾಂಕ್ರೀಟ್ ಬ್ಲಾಕಿಗೆ ಮಾತ್ರ ಹ್ಯಾಮರ್ ಬೇಕು. ಪ್ಲಗ್ ತೂರಿಸುವ ಮೊದಲು ಒಳಗಿನ ಪುಡಿಯನ್ನು ಊದಿ ತೆಗೆಯಿರಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಮತ್ತು ಪಕ್ಕದ ಸಾಲಿನಲ್ಲಿ ವೈರಿನ ಪೈಪು ಇರುವ ಸಾಧ್ಯತೆ ಇದ್ದೇ ಇರುತ್ತದೆ, ಅಲ್ಲಿ ಕೊರೆಯಲೇಬೇಡಿ.

ತೊಲೆ, ಲಿಂಟಲ್, ತಾರಸಿ ಈ ಇಂಪ್ಯಾಕ್ಟ್ ಡ್ರಿಲ್ಲಿನ ಕೆಲಸವಲ್ಲ. ಅದರ ಬಡಿತ ವೇಗವಾಗಿದ್ದರೂ ಹಗುರವಾದದ್ದು. ಅಲ್ಲಿಗೆ ಬೇಕಾದ ರೋಟರಿ ಹ್ಯಾಮರ್ ಎಂಬ ಯಂತ್ರದೊಳಗೆ ಪಿಸ್ಟನ್ ಗಾಳಿಯ ಒತ್ತಡದಿಂದ ಬಿಟ್ಟಿಗೆ ಭಾರವಾದ ಏಟು ಕೊಡುತ್ತದೆ. ಅದನ್ನು ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಅದಕ್ಕೆ ಹಾಕುವ ಎಸ್‌ಡಿಎಸ್ ಬಿಟ್ಟಿನ ಹಿಡಿಯಲ್ಲಿ ಉದ್ದುದ್ದ ತೋಡುಗಳಿರುತ್ತವೆ. ಅದನ್ನು ನಿಮ್ಮ ಡ್ರಿಲ್ಲಿನ ಚಕ್ಕಿಗೆ ಹಾಕಬಾರದು. ಕೊರೆಯುವಾಗ ಕಬ್ಬಿಣದ ಸದ್ದು ಕೇಳಿ ಬಿಟ್ ನಿಂತರೆ ಸರಳು ಸಿಕ್ಕಿತೆಂದೇ ಅರ್ಥ. ಅದನ್ನು ಕತ್ತರಿಸಲು ಹೋಗದೆ ಜಾಗ ಬದಲಿಸಿ.

ಉತ್ತರ 2 (ಮರಗೆಲಸದವರು): ದಾರಂದಕ್ಕೆ ಮೇಸನ್ರಿ ಬಿಟ್ ಹಾಕಿದರೆ ಮರ ಸುಟ್ಟು ಕಪ್ಪಾಗುತ್ತದೆ. ತುದಿಯಲ್ಲಿ ಮೊಳೆಯಂಥ ಚೂಪಿರುವ ಮರದ ಬಿಟ್ ಗುರುತಿಟ್ಟ ಜಾಗದಿಂದ ಜಾರುವುದಿಲ್ಲ. ಕಿರಾಲ್‌ಬೋಗಿಯಂಥ ಗಟ್ಟಿ ಮರವಾದರೆ, ಸ್ಕ್ರೂವಿನ ಸುರುಳಿ ಎಳೆಯನ್ನು ಬಿಟ್ಟು ಅದರ ನಡುಗಂಬದಷ್ಟೇ ದಪ್ಪದ ತೂತನ್ನು ಮೊದಲು ಕೊರೆಯದಿದ್ದರೆ ಸ್ಕ್ರೂ ಮುರಿಯುತ್ತದೆ, ಇಲ್ಲವೇ ಮರ ಸೀಳುತ್ತದೆ. ಕಿಟಕಿಯ ಕಬ್ಬಿಣಕ್ಕೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್, ನಿಧಾನ ವೇಗ, ಒಂದೆರಡು ಹನಿ ಎಣ್ಣೆ ಸಾಕು.

ಉತ್ತರ 3 (ಟೈಲ್ ಕೆಲಸದವರು): ವಿಟ್ರಿಫೈಡ್ ಟೈಲಿಗೆ ಡೈಮಂಡ್ ಲೇಪಿಸಿದ ಪೊಳ್ಳು ಬಿಟ್ಟೇ ಬೇಕು, ಈಟಿಯ ಮೊನೆಯಂಥ ಕಾರ್ಬೈಡ್ ಬಿಟ್ ಮೆದುವಾದ ಸೆರಾಮಿಕ್ ಗೋಡೆ ಟೈಲಿಗೆ ಸರಿ. ಹ್ಯಾಮರ್ ಪೂರ್ತಿ ಆರಿರಲಿ. ಡೈಮಂಡ್ ಬಿಟ್ಟನ್ನು ಮೊದಲು ಓರೆಯಾಗಿ ತಾಗಿಸಿ, ಅರ್ಧಚಂದ್ರದಂತೆ ಗೀರು ಮೂಡಿದ ಮೇಲೆ ನಿಧಾನವಾಗಿ ನೇರಕ್ಕೆ ತನ್ನಿ. ಬಿಟ್ ತಣ್ಣಗಿರಲು ಒದ್ದೆ ಸ್ಪಂಜನ್ನು ಆಗಾಗ ಒತ್ತಬೇಕು. ವಿದ್ಯುತ್ ಡ್ರಿಲ್ಲಿನ ಬಳಿ ನೀರು ಸುರಿಯಬಾರದು. ಟೈಲ್ ದಾಟಿದ ಕೂಡಲೇ ಮೇಸನ್ರಿ ಬಿಟ್ಟಿಗೆ ಬದಲಾಯಿಸಿ. ಟೈಲಿನ ತೂತು ಪ್ಲಗ್ಗಿಗಿಂತ ತುಸು ದೊಡ್ಡದಿದ್ದು, ಪ್ಲಗ್ ಟೈಲಿನ ಹಿಂದೆ ಗೋಡೆಯೊಳಗೆ ಪೂರ್ತಿ ಕೂತಿರಬೇಕು. ಟೈಲಿನಲ್ಲೇ ಸಿಕ್ಕಿಕೊಂಡಿದ್ದರೆ ಸ್ಕ್ರೂ ಬಿಗಿಯುವಾಗ ಪ್ಲಗ್ ಅರಳಿ ಟೈಲ್ ಬಿರುಕು ಬಿಡುತ್ತದೆ.