ಸಹಾಯ ಬೇಕು: ರಕ್ತದಾನ ತಂಡದ ಸ್ವಯಂಸೇವಕರಿಗೆ ರಾತ್ರಿ ಬಿಡುವು ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಾಸನದ ನಮ್ಮ ಸಣ್ಣ ತಂಡವು ರಕ್ತ ಬೇಕಾದವರಿಗೆ ದಾನಿಗಳನ್ನು ಹುಡುಕಿಕೊಡುತ್ತದೆ. ಡೆಂಗಿ ಬಂದವರಲ್ಲಿ ಕಡಿಮೆಯಾಗುವ ಪ್ಲೇಟ್‌ಲೆಟ್‌ಗಳನ್ನು (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳನ್ನು) ಸಾಮಾನ್ಯವಾಗಿ 5 ದಿನಗಳಿಗಿಂತ ಹೆಚ್ಚು ಕಾಲ ಇಡಲಾಗದ ಕಾರಣ, ಮಳೆಗಾಲದಲ್ಲಿ ಡೆಂಗಿ ಹೆಚ್ಚಿದಾಗ ನಡುರಾತ್ರಿಯಲ್ಲೂ ಕರೆಗಳು ಬರುತ್ತವೆ. ರಕ್ತ ಕೊಟ್ಟವರು ಮತ್ತೆ ಕೊಡುವ ಮೊದಲು ಪುರುಷರಿಗೆ 90 ದಿನ, ಮಹಿಳೆಯರಿಗೆ 120 ದಿನ ಕಡ್ಡಾಯ ಅಂತರವಿದೆ. ಫೋನ್ ಹಿಡಿದು ಕುಳಿತವರಿಗೆ ಮಾತ್ರ ಯಾವ ನಿಯಮವೂ ಇಲ್ಲದಿರುವುದು ವಿಚಿತ್ರವೇ ಸರಿ. ಸರದಿಯ ಪಟ್ಟಿ ಮಾಡಿ ನೋಡಿದೆವು, ಆದರೆ ಜನರು ತಮಗೆ ಪರಿಚಿತವಾದ ಸಂಖ್ಯೆಗೇ ಕರೆ ಮಾಡುತ್ತಾರೆ, ಹಿರಿಯ ಸದಸ್ಯರಂತೂ ಫೋನ್ ಆಫ್ ಮಾಡಿದರೆ ನಿದ್ದೆಯೇ ಹತ್ತುವುದಿಲ್ಲ ಎನ್ನುತ್ತಾರೆ. ತಂಡಕ್ಕೊಂದೇ ಸಂಖ್ಯೆ ಇಟ್ಟುಕೊಂಡು, ರಾತ್ರಿಯ ಕರೆಗಳನ್ನು ಸರದಿಯಲ್ಲಿರುವವರಿಗೆ ವರ್ಗಾಯಿಸುವ ವ್ಯವಸ್ಥೆಯನ್ನು ಯಾರಾದರೂ ನಡೆಸಿದ್ದೀರಾ? ನಡೆಸಿದ್ದರೆ, ಹಳೆಯ ಸಂಖ್ಯೆಗಳಿಗೆ ಕರೆ ಮಾಡುತ್ತಿದ್ದವರನ್ನು ಹೊಸ ಸಂಖ್ಯೆಗೆ ಒಗ್ಗಿಸಿದ್ದು ಹೇಗೆಂದು ದಯವಿಟ್ಟು ತಿಳಿಸುವಿರಾ?