ಬಿಸಿಲನ್ನೇ ಕಾಣದವಳಿಗೆ ವಿಟಮಿನ್ ಡಿ 68, ಹೇಗೆ?

ಹಾಸನದ ಟೀಚರ್:
ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರಲ್ಲ, ಆ ಥರದ ಚೆಕಪ್ ಮಾಡಿಸಿದೆ. ವಿಟಮಿನ್ ಡಿ 68, ಬಿ12 940 ಬಂದಿದೆ. ಹೋದ ವರ್ಷ ಡಿ ಬರೀ 16 ಇತ್ತು. ಆಗ ವಾರಕ್ಕೊಂದು ಸ್ಯಾಚೆಟ್ ಎಂಟು ವಾರ ಕುಡಿದು ಬಿಟ್ಟವಳು ಮತ್ತೆ ಮುಟ್ಟಿಲ್ಲ. ಬೆಳಗ್ಗೆ ಎಂಟಕ್ಕೆ ಸ್ಕೂಲು, ಸಂಜೆ ಐದಕ್ಕೆ ಮನೆ. ಬಿಸಿಲು ನೋಡುವುದು ಕ್ಲಾಸಿನ ಕಿಟಕಿಯಿಂದ. ಮಾಂಸ, ಮೊಟ್ಟೆ ತಿನ್ನುವುದಿಲ್ಲ. ನಮ್ಮತ್ತೆ ಮಾತ್ರ ರಿಪೋರ್ಟ್ ನೋಡಿ "ನಾನು ಮಾಡಿದ ಸೊಪ್ಪಿನ ಸಾರು ಮೈಗೆ ಹತ್ತಿದೆ ನೋಡು" ಅಂತ ಬೀಗಿದರು.

ನಾನೂ ಖುಷಿಯಾಗೇ ಇದ್ದೆ. ಆದರೆ ಅದೇ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ 0.08 ಅಂದರೆ ತೀರಾ ಕಮ್ಮಿ, ಟಿ4 ಜಾಸ್ತಿ. ಟಿ4 ಅಂದರೆ ಥೈರಾಯ್ಡ್ ಗ್ರಂಥಿಯ ಹಾರ್ಮೋನು, ಅದು ಜಾಸ್ತಿಯಾದರೆ ಆ ಗ್ರಂಥಿಗೆ ಕೆಲಸ ಹೇಳುವ ಟಿಎಸ್‌ಎಚ್ ಇಳಿಯುತ್ತದಂತೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡ್ತಿದೆಯೇನೋ ಅಂತ ಡಾಕ್ಟರ್ ಎರಡೂ ಕೈ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟು ನಡುಕ ಇದೆಯಾ ಅಂತ ನೋಡಿದರು. ಹಾಳೆ ಅಲುಗಲಿಲ್ಲ. ನಾಡಿ 74. ತೂಕ ಇಳಿಯುವುದಿರಲಿ, ಎರಡು ಕೆಜಿ ಏರಿದೆ. "ರಿಪೋರ್ಟಿಗೂ ನಿಮಗೂ ತಾಳೆಯೇ ಆಗ್ತಿಲ್ಲವಲ್ಲಮ್ಮ" ಅಂದರು. ಯಾರಿಗಾದರೂ ಹೀಗೆ ಆಗಿದೆಯಾ? ನಾನು ತಗೊಳ್ಳುವುದು ಕೂದಲು ಉದುರುತ್ತೆ ಅಂತ ಒಂದು ಮಾತ್ರೆ, ಅಷ್ಟೇ.

ಲ್ಯಾಬಿನವನು:
ಮೇಡಂ, ಆ ಕೂದಲಿನ ಮಾತ್ರೆಯ ಡಬ್ಬಿ ತಿರುಗಿಸಿ ನೋಡಿ. ಬಯೋಟಿನ್ ಅಂತಲೋ ವಿಟಮಿನ್ ಬಿ7 ಅಂತಲೋ ಇದೆಯಾ? ಎಷ್ಟು?

ಹಾಸನದ ಟೀಚರ್:
ಬಯೋಟಿನ್ 10,000 ಎಂಸಿಜಿ. ದಿನಕ್ಕೊಂದು ಅಂತ ಬರೆದಿದೆ. ಬೇಗ ಕೂದಲು ಬರಲಿ ಅಂತ ನಾನೇ ಎರಡು ಮಾಡಿಕೊಂಡಿದ್ದೆ, ಬೈಬೇಡಿ. ರಕ್ತ ತೆಗೆಯಲು ಬಂದ ಹುಡುಗ "ಖಾಲಿ ಹೊಟ್ಟೇನಾ? ಕಾಫಿ ಕುಡಿದಿಲ್ಲ ಅಲ್ವಾ?" ಅಂತ ಎರಡು ಸಲ ಕೇಳಿದ. ಕಾಫಿ ಕುಡಿದಿರಲಿಲ್ಲ. ಎರಡೂ ಮಾತ್ರೆ ನೀರಲ್ಲಿ ನುಂಗಿ ಒಂದು ಗಂಟೆ ಆಗಿತ್ತು.

ಲ್ಯಾಬಿನವನು:
ಅಲ್ಲೇ ಇದೆ ನೋಡಿ. ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ, ಡಬ್ಬಿಯ ಮೇಲಿನ ಎಂಸಿಜಿ ಅಂದರೆ ಅದೇ. ನೀವು ನುಂಗಿದ್ದು 20,000.

ಮೆಷಿನ್ ವಿಟಮಿನ್ನನ್ನು ನೇರವಾಗಿ ಎಣಿಸುವುದಿಲ್ಲ, ಬೆಳಕು ಅಳೆಯುತ್ತದೆ. ಕೆಲವು ಕಂಪನಿಗಳ ಕಿಟ್‌ನಲ್ಲಿ ಆ ಬೆಳಕು ಕೊಡುವ ಸಾಮಾನು ಬಯೋಟಿನ್ ಹಿಡಿಕೆಯ ಮೂಲಕ ಸಣ್ಣ ಕಾಂತದ ಮಣಿಗಳಿಗೆ ಅಂಟಬೇಕು. ಮಣಿಯ ಮೇಲೆ ಸ್ಟ್ರೆಪ್ಟಾವಿಡಿನ್ ಇರುತ್ತೆ, ಬಯೋಟಿನ್ ಸಿಕ್ಕರೆ ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಜಾತ್ರೆಗೆ ಹೋಗುವ ಬಸ್ಸು ನೆನೆಸಿಕೊಳ್ಳಿ. ಬಾಗಿಲಲ್ಲಿ ಹತ್ತುವಷ್ಟರಲ್ಲಿ ಯಾರೋ ಕಿಟಕಿಯಿಂದ ಟವೆಲ್ ಹಾಕಿ ಸೀಟೆಲ್ಲ ಹಿಡಿದಿರ್ತಾರೆ. ನಿಮ್ಮ ಮಾತ್ರೆಯ ಬಯೋಟಿನ್ ಮಾಡಿದ್ದು ಅದೇ. ಸೀಟು ಸಿಗದ ಕಿಟ್‌ನ ಸಾಮಾನು ತೊಳೆಯುವಾಗ ಹೋಯಿತು, ಬೆಳಕು ಕಮ್ಮಿಯಾಯಿತು. ಡಿ, ಬಿ12, ಟಿ4 ಟೆಸ್ಟ್‌ಗಳಲ್ಲಿ ಬೆಳಕು ಕಮ್ಮಿಯಾದಷ್ಟೂ ರಿಪೋರ್ಟ್‌ನ ಅಂಕಿ ಜಾಸ್ತಿ. ಟಿಎಸ್‌ಎಚ್‌ನಲ್ಲಿ ಲೆಕ್ಕ ಉಲ್ಟಾ: ಬೆಳಕು ಕಮ್ಮಿ ಅಂದರೆ ಹಾರ್ಮೋನೂ ಕಮ್ಮಿ. ಹಾಗಾಗಿ ಇಲ್ಲದ ಥೈರಾಯ್ಡ್ ಕಾಯಿಲೆ ನಿಮ್ಮ ಕಾಗದದ ಮೇಲೆ ಬಂದಿರಬಹುದು.

ಇದೇನು ಹೊಸದಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರ್‌ನಲ್ಲೇ ಎಚ್ಚರಿಸಿತ್ತು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಟೆಸ್ಟ್ ಬಯೋಟಿನ್‌ನಿಂದ ತಪ್ಪಾಗಿ ಕಮ್ಮಿ ಬಂದು ಒಬ್ಬರು ತೀರಿಕೊಂಡಿದ್ದನ್ನೂ ಅದರಲ್ಲಿ ಹೇಳಿತ್ತು. ಎಲ್ಲ ಮೆಷಿನ್‌ಗೂ ಈ ತೊಂದರೆ ಇಲ್ಲ, ಹೊಸ ಕಿಟ್‌ಗಳು ಹೆಚ್ಚು ಬಯೋಟಿನ್ ತಡೆದುಕೊಳ್ಳುತ್ತವೆ. ಆದರೂ ಡಾಕ್ಟರಿಗೆ ಹೇಳಿ, ಮಾತ್ರೆ ನಿಲ್ಲಿಸಿ. ಕನಿಷ್ಠ ಮೂರು ದಿನ ಬಿಡಿ, ನನ್ನ ಕೇಳಿದರೆ ಒಂದು ವಾರ. ಕಿಡ್ನಿ ತೊಂದರೆ ಇದ್ದವರಿಗೆ ಇನ್ನೂ ಜಾಸ್ತಿ ಬೇಕು. ಆಮೇಲೆ ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ. ಅಲ್ಲಿಯವರೆಗೆ ಥೈರಾಯ್ಡ್ ಮಾತ್ರೆ ಶುರು ಮಾಡಬೇಡಿ ಅಂತ ಡಾಕ್ಟರೂ ಹೇಳಿಯಾರು.

ಸಾಗರದ ಕಡೆಯವ:
ಅಕ್ಕ, ನಮ್ಮಮ್ಮನದು ಬೇರೆ ಕಥೆ. ಯಾವ ಮಾತ್ರೆಯೂ ಇರಲಿಲ್ಲ. ನಡೆಯುವಾಗ ಚಪ್ಪಲಿ ಜಾರಿ ಹೋದದ್ದೇ ಗೊತ್ತಾಗುತ್ತಿರಲಿಲ್ಲ, ಅಂಗಳಕ್ಕೆ ಬಂದ ಮೇಲೆ ಒಂದು ಕಾಲು ಬರಿಗಾಲು. ನಾಲಿಗೆ ನುಣ್ಣಗೆ ಕೆಂಪಗಾಗಿತ್ತು. ಬಿ12 ಕೊರತೆಯೇನೋ ಅಂತ ನೋಡಿದರೆ 680, ಸಾಕಷ್ಟಿದೆ! ಎರಡು ಕಡೆ "ವಯಸ್ಸಾಯ್ತಲ್ವಾ" ಅಂದರು. ಮೂರನೆಯವರು ಹೋಮೋಸಿಸ್ಟೀನ್, ಮೀಥೈಲ್‌ಮಲೋನಿಕ್ ಆಸಿಡ್ ಮಾಡಿಸಿದರು. ಬಿ12 ಸಾಲದಿದ್ದರೆ ರಕ್ತದಲ್ಲಿ ಇವು ಏರುತ್ತವಂತೆ. ಅಮ್ಮನಿಗೆ ಎರಡೂ ಜಾಸ್ತಿ, ಅಂದರೆ ಬಿ12 ಕೊರತೆಯೇ. ಹೊಟ್ಟೆಯಲ್ಲಿ ಬಿ12 ಹಿಡಿದು ಸಾಗಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಅಂತ ಇದೆಯಂತೆ. ಅಮ್ಮನ ರಕ್ತದಲ್ಲಿ ಅದರ ವಿರುದ್ಧವೇ ಆಂಟಿಬಾಡಿ ಇತ್ತು. ಟೆಸ್ಟ್ ಕಿಟ್‌ನಲ್ಲೂ ಬಿ12 ಹಿಡಿಯಲು ಅದೇ ಫ್ಯಾಕ್ಟರ್ ಹಾಕಿರ್ತಾರೆ. ಅದನ್ನೂ ಈ ಆಂಟಿಬಾಡಿ ಕಟ್ಟಿಹಾಕಿ ಲೆಕ್ಕ ಕೆಡಿಸಿತ್ತು. ಇಂಜೆಕ್ಷನ್ ಶುರುವಾದ ಮೇಲೆ ಚಪ್ಪಲಿ ಕಾಲಲ್ಲೇ ಇದೆ.

ಹಾಸನದ ಟೀಚರ್:
ಹತ್ತು ದಿನ ಮಾತ್ರೆ ಬಿಟ್ಟು ಮತ್ತೆ ಮಾಡಿಸಿದೆ. ಟಿಎಸ್‌ಎಚ್ 2.4, ಟಿ4 ಸರಿಯಾಗಿದೆ. ಬಿ12 310. ಡಿ 22. ಲ್ಯಾಬಿನ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್. ಡಾಕ್ಟರ್ ಮತ್ತೆ ವಾರಕ್ಕೊಂದು ಸ್ಯಾಚೆಟ್ ಬರೆದುಕೊಟ್ಟಿದ್ದಾರೆ. ಸೊಪ್ಪಿನ ಸಾರಿನ ವಿಷಯ ಅತ್ತೆಗೆ ಇನ್ನೂ ಹೇಳಿಲ್ಲ.